ಡಬ್ಬಿ ಬರಲಿಲ್ಲ, ತಾರೀಖು ಬರುತ್ತಲೇ ಇದೆ

ನಮ್ಮ ಮನೆ ಬಾಗಲಗುಂಟೆಯಲ್ಲಿ. ಎಂಟನೇ ಮೈಲಿಯಿಂದ ಹೆಸರಘಟ್ಟ ರಸ್ತೆಗೆ ತಿರುಗಿ ಸ್ವಲ್ಪ ದೂರ ಬಂದರೆ ಸಿಗುವ ಏರಿಯಾ. ಅಪ್ಪ 23 ವರ್ಷದಿಂದ ಪೀಣ್ಯದ ಒಂದು ಸಣ್ಣ ಟೂಲ್ ರೂಮಿನಲ್ಲಿ ಡೈ ಫಿಟ್ಟರ್. ನಾನು ಬಿಇ ಮೂರನೇ ವರ್ಷ. ಈ ಲೇಖನ ಕೈಗೆ ಬಾರದ ಒಂದು ಡಬ್ಬಿಯ ಬಗ್ಗೆ. ಅದರೊಳಗೆ ಇರಬೇಕಿದ್ದದ್ದು ಒಂದು ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್.

ಮೂರನೇ ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ ನಾವು ನಾಲ್ವರು ಗೆಳೆಯರು ತಲಾ 9,500 ರೂಪಾಯಿ ಹಾಕಿ, ಅಭಿವೃದ್ಧಿ ಹಂತದಲ್ಲಿದ್ದ ಹೆಡ್‌ಸೆಟ್ ಒಂದಕ್ಕೆ ಹಣ ಕಟ್ಟಿದೆವು. ವಿದೇಶದ ಕಂಪನಿ, ಕ್ರೌಡ್‌ಫಂಡಿಂಗ್ ಯೋಜನೆ. ಹೆಸರು ಇಲ್ಲಿ ಬೇಡ. ಕಾರ್ಡ್ ನನ್ನ ಭಾವನದು. ಎಂಟು ತಿಂಗಳಲ್ಲಿ ಮನೆಗೆ ಬರುತ್ತದೆ ಎಂದಿದ್ದರು. ಈಗ 16 ತಿಂಗಳಾಯಿತು. ಸೆಪ್ಟೆಂಬರ್ ಹೋಗಿ ಡಿಸೆಂಬರ್ ಆಯಿತು, ಡಿಸೆಂಬರ್ ಹೋಗಿ ಮಾರ್ಚ್ ಆಯಿತು, ಈಗ ‘ವರ್ಷದ ದ್ವಿತೀಯಾರ್ಧ’ ಎನ್ನುತ್ತಿದ್ದಾರೆ.

‘ಗೇಮ್ ಆಡೋಕೆ ಇಷ್ಟು ದುಡ್ಡಾ?’ ಅಂತ ನೀವು ಕೇಳಬಹುದು. ನಮ್ಮಮ್ಮನೂ ಕೇಳಿದ್ದರು. ಗೇಮ್ ಕೂಡ ಆಡುತ್ತಿದ್ದೆವು, ಸುಳ್ಳು ಹೇಳುವುದಿಲ್ಲ. ಆದರೆ ಕಾರಣ ಬೇರೆಯದಿತ್ತು. ಅಪ್ಪನ ಎಡಗೈ ಉಂಗುರ ಬೆರಳಿನ ತುದಿ ಇಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಪವರ್ ಪ್ರೆಸ್ಸಿಗೆ ಸಿಕ್ಕಿ ಹೋಯಿತು. ಪ್ರೆಸ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರಿಗೆ ನಿಜವಾದ ಯಂತ್ರದ ಮುಂದೆ ನಿಲ್ಲುವ ಮೊದಲೇ, ಅಪಾಯವಿಲ್ಲದೆ ತರಬೇತಿ ಕೊಡುವ ಒಂದು ವಿಆರ್ ಪ್ರೋಗ್ರಾಂ ಮಾಡಬೇಕು, ಅದೇ ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಆಗಬೇಕು ಎಂದು ನಾಲ್ವರೂ ಮಾತಾಡಿಕೊಂಡಿದ್ದೆವು.

ಅದಕ್ಕೆ ಅಗಲ ನೋಟದ ಹೆಡ್‌ಸೆಟ್ಟೇ ಯಾಕೆ ಬೇಕು? ಮನುಷ್ಯನ ಎರಡೂ ಕಣ್ಣು ಸೇರಿ ಅಡ್ಡಡ್ಡಲಾಗಿ ಸುಮಾರು 200 ಡಿಗ್ರಿಯಷ್ಟು ನೋಡುತ್ತವೆ. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಹೆಡ್‌ಸೆಟ್‌ಗಳು ತೋರಿಸುವುದು ಸುಮಾರು 100ರಿಂದ 110 ಡಿಗ್ರಿ. ಜಟಕಾ ಕುದುರೆಗೆ ಕಣ್ಣುಪಟ್ಟಿ ಕಟ್ಟುತ್ತಾರಲ್ಲ, ಹಾಗೆ. ಪ್ರೆಸ್ಸಿನ ಮುಂದೆ ನಿಂತವನ ಕಣ್ಣು ಡೈ ಮೇಲಿರುತ್ತದೆ. ಪಕ್ಕದಿಂದ ಹೆಲ್ಪರ್ ಶೀಟ್ ತಳ್ಳಿದ್ದು, ತನ್ನದೇ ಇನ್ನೊಂದು ಕೈ ಎಲ್ಲಿದೆ ಎನ್ನುವುದು ಅವನಿಗೆ ಗೊತ್ತಾಗುವುದು ಕಣ್ಣಿನ ಅಂಚಿನಿಂದ. ಆ ಅಂಚೇ ಕಾಣದ ಸಾಧನದಲ್ಲಿ ಸುರಕ್ಷತೆಯ ಪಾಠ ಹೇಳಿಕೊಡುವುದು ಹೇಗೆ?

ಮೊದಲು ಮೋಸ ಹೋದವರು ನಾವೇನಲ್ಲ

ತಡವಾದಾಗ ನಾನು ಹಳೆಯ ಕಥೆಗಳನ್ನು ಹುಡುಕಿ ಓದಿದೆ. ಅಗಲ ನೋಟದ ಹೆಡ್‌ಸೆಟ್ ಎಂದರೆ ಎಲ್ಲರಿಗೂ ನೆನಪಾಗುವುದು ಪಿಮ್ಯಾಕ್ಸ್ 8ಕೆ. ಶಾಂಘೈನ ಈ ಕಂಪನಿ 2017ರ ಸೆಪ್ಟೆಂಬರ್‌ನಲ್ಲಿ ಕಿಕ್‌ಸ್ಟಾರ್ಟರ್‌ಗೆ ಬಂತು. ಕೇಳಿದ್ದು 2 ಲಕ್ಷ ಡಾಲರ್. ನವೆಂಬರ್ ಆರಂಭದ ಹೊತ್ತಿಗೆ 5,946 ಜನ ಸೇರಿ 42 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟಿದ್ದರು. 200 ಡಿಗ್ರಿ ನೋಟದ ಭರವಸೆ ಅಷ್ಟು ಜನರನ್ನು ಸೆಳೆದಿತ್ತು.

ಹಣ ಏರಿದಂತೆ ಭರವಸೆಗಳೂ ಏರಿದವು. ಇಷ್ಟು ಲಕ್ಷ ದಾಟಿದರೆ ಇದನ್ನೂ ಕೊಡುತ್ತೇವೆ, ಅಷ್ಟು ದಾಟಿದರೆ ಅದನ್ನೂ ಕೊಡುತ್ತೇವೆ ಎಂಬ ಪಟ್ಟಿ ಬೆಳೆಯಿತು. ಆದರೆ 2018ರ ಆರಂಭದಲ್ಲಿ ಬರಬೇಕಿದ್ದ ಹೆಡ್‌ಸೆಟ್‌ಗಳು ಹೊರಡಲು ಶುರುವಾದದ್ದು ಆ ವರ್ಷದ ಕೊನೆಯ ತಿಂಗಳುಗಳಲ್ಲಿ. ಹಲವರ ಪಾಲಿಗೆ ಅದು 2019ಕ್ಕೆ ಜಾರಿತು. ಸೆಕೆಂಡಿಗೆ 90 ಸಲ ಬದಲಾಗಬೇಕಿದ್ದ ಪರದೆ 80ಕ್ಕೆ ಇಳಿಯಿತು. ಜೊತೆಗೆ ಕೊಡುತ್ತೇವೆಂದ ಕೈ ಕಂಟ್ರೋಲರ್ ಇನ್ನೂ ಹಿಂದೆ ಬಿತ್ತು. ಹೆಸರಿನಲ್ಲಿದ್ದ ‘8ಕೆ’ ಬಗ್ಗೆಯೂ ತಕರಾರು ಎದ್ದಿತು. ಎರಡು 4ಕೆ ಪರದೆಗಳನ್ನು ಪಕ್ಕಪಕ್ಕ ಇಟ್ಟರೆ 7,680×2,160 ಪಿಕ್ಸೆಲ್ ಆಗುತ್ತದೆ. ಟಿವಿ ಅಂಗಡಿಯವರು 8ಕೆ ಎನ್ನುವುದು 7,680×4,320ಕ್ಕೆ. ಅಂದರೆ ಇದು ಅದರ ಅರ್ಧ.

ಈ ಕಥೆಗೆ ಇನ್ನೊಂದು ಮುಖವೂ ಇದೆ. ತಡವಾದರೂ ಹೆಡ್‌ಸೆಟ್‌ಗಳು ಬಂದವು, ಕಂಪನಿ ಬಾಗಿಲು ಹಾಕಿ ಓಡಲಿಲ್ಲ. ನಡುವೆ ಬೆಂಬಲಿಗರಲ್ಲೇ ಕೆಲವರಿಗೆ ಪರೀಕ್ಷಾ ಮಾದರಿಗಳನ್ನು ಕಳುಹಿಸಿ, ಅವರು ಕಂಡ ದೋಷಗಳನ್ನು ಅವರೇ ಹೇಳಲು ಬಿಟ್ಟರು.

ತಡವಾಗಲು ನಿಜವಾದ ಕಾರಣಗಳೂ ಇದ್ದವು. ನೋಟ ಅಗಲವಾದಷ್ಟೂ ಲೆನ್ಸಿನ ಅಂಚಿನಲ್ಲಿ ಚಿತ್ರ ಎಳೆದಂತೆ ವಕ್ರವಾಗುತ್ತದೆ. ಅದನ್ನು ಸಾಫ್ಟ್‌ವೇರಿನಲ್ಲಿ ಸರಿಮಾಡಬೇಕು. ಎರಡು ಪರದೆಗಳನ್ನು ಹೊರಮುಖವಾಗಿ ಓರೆ ಮಾಡಿ ಕೂರಿಸಬೇಕು. ನೋಟ ಹಿಗ್ಗಿದರೂ ಸ್ಪಷ್ಟತೆ ಅಷ್ಟೇ ಇರಬೇಕೆಂದರೆ ಪಿಕ್ಸೆಲ್‌ಗಳೂ ಹೆಚ್ಚಬೇಕು. ಅಷ್ಟನ್ನೂ ಕ್ಷಣಕ್ಷಣಕ್ಕೆ ಬಿಡಿಸಲು ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಏದುಸಿರು ಬಿಡುತ್ತದೆ. ಚಿತ್ರ ಚೂರು ಹಿಂದೆ ಬಿದ್ದರೂ ಹಾಕಿಕೊಂಡವರಿಗೆ ತಲೆಸುತ್ತು, ವಾಂತಿ. ಲ್ಯಾಬಿನಲ್ಲಿ ಒಂದು ಪೀಸ್ ಕೆಲಸ ಮಾಡಿದರೆ ಮುಗಿಯುವುದಿಲ್ಲ, ಸಾವಿರ ಪೀಸೂ ಒಂದೇ ತರಹ ಬರಬೇಕು.

ಹಾಗಾಗಿ ತಡವಾಯಿತೆಂದು ಸಿಟ್ಟಾಗುವವನು ನಾನಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಈಥನ್ ಮೊಲಿಕ್ ಎಂಬ ಪ್ರಾಧ್ಯಾಪಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಯೋಜನೆಗಳಲ್ಲಿ ಶೇ 75ಕ್ಕೂ ಹೆಚ್ಚು ಹೇಳಿದ ದಿನಕ್ಕೆ ವಸ್ತು ಕೊಟ್ಟಿರಲಿಲ್ಲ. ಮರುವರ್ಷ ಅವರೇ ನಡೆಸಿದ ಇನ್ನೊಂದು ಸಮೀಕ್ಷೆಯಲ್ಲಿ, ಹಣ ಸಂಗ್ರಹಿಸಿದ ಕಿಕ್‌ಸ್ಟಾರ್ಟರ್ ಯೋಜನೆಗಳಲ್ಲಿ ಕೊನೆಗೂ ಏನನ್ನೂ ಕೊಡದೆ ಸೋತವು ಶೇ 9. ಎರಡೂ ಅಂಕಿಗಳನ್ನು ಒಟ್ಟಿಗೆ ಓದಿ. ಹೆಚ್ಚಿನವರು ಕೊಡುತ್ತಾರೆ, ಆದರೆ ಹೆಚ್ಚಿನವರು ತಡವಾಗಿ ಕೊಡುತ್ತಾರೆ. ಹಣ ಕಟ್ಟುವಾಗ ಈ ಮಾತು ನನಗೆ ಗೊತ್ತಿದ್ದರೆ ಎಂಟು ತಿಂಗಳನ್ನು ಎಂಟೇ ತಿಂಗಳು ಎಂದು ಓದುತ್ತಿರಲಿಲ್ಲ.

ನಾವು ಗಿರಾಕಿಗಳೂ ಅಲ್ಲ, ಪಾಲುದಾರರೂ ಅಲ್ಲ

ಹಾಗಾದರೆ ಸಿಟ್ಟು ಯಾವುದಕ್ಕೆ? ಮೊದಲನೆಯದು, ನಾವು ಯಾರು ಎನ್ನುವುದು ನಮಗೇ ಗೊತ್ತಿಲ್ಲದಿರುವುದು. ಕಿಕ್‌ಸ್ಟಾರ್ಟರ್ 2012ರಲ್ಲೇ ‘ಇದು ಅಂಗಡಿಯಲ್ಲ’ ಎಂದು ಸ್ಪಷ್ಟವಾಗಿ ಸಾರಿತ್ತು. ಅಂಗಡಿಯಲ್ಲ ಎಂದಮೇಲೆ ನಾವು ಗಿರಾಕಿಗಳಲ್ಲ. ಷೇರು ಕೊಟ್ಟಿಲ್ಲವಾದ್ದರಿಂದ ಹೂಡಿಕೆದಾರರೂ ಅಲ್ಲ. ಆಕ್ಯುಲಸ್ ರಿಫ್ಟ್ ಕಥೆ ನಿಮಗೆ ಗೊತ್ತಿರಬಹುದು. 2012ರಲ್ಲಿ 9,522 ಜನ ಸುಮಾರು 24 ಲಕ್ಷ ಡಾಲರ್ ಕೊಟ್ಟು ಅದನ್ನು ಎತ್ತಿ ನಿಲ್ಲಿಸಿದರು. 2014ರಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು 200 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. ಮೊದಲು ದುಡ್ಡು ಕೊಟ್ಟವರಿಗೆ ಅದರಲ್ಲಿ ಒಂದು ಪೈಸೆ ಪಾಲಿರಲಿಲ್ಲ. ಅವರು ಕೂಗಾಡಿದರು. 2016ರಲ್ಲಿ, ಅಂದು ಡೆವಲಪರ್ ಕಿಟ್‌ಗೆ ದುಡ್ಡು ಕಟ್ಟಿದ್ದವರಿಗೆ ಹೊಸ ರಿಫ್ಟ್ ಒಂದನ್ನು ಉಚಿತವಾಗಿ ಕೊಟ್ಟರು. ಒಳ್ಳೆಯ ನಡೆಯೇ. ಆದರೆ ಅದು ಅವರು ಮನಸ್ಸು ಮಾಡಿ ಕೊಟ್ಟದ್ದು, ಇವರು ಹಕ್ಕಿನಿಂದ ಪಡೆದದ್ದಲ್ಲ.

ಇದನ್ನು ನಮ್ಮ ಕನ್ನಡದ್ದೇ ಒಂದು ಉದಾಹರಣೆಯ ಪಕ್ಕ ಇಟ್ಟು ನೋಡಿ. ಪವನ್ ಕುಮಾರ್ ‘ಲೂಸಿಯಾ’ ಸಿನಿಮಾಕ್ಕೆ ನಿರ್ಮಾಪಕರು ಸಿಗದೆ ಜನರ ಮುಂದೆ ಹೋದಾಗ ಸುಮಾರು 110 ಮಂದಿ ಅರ್ಧ ಕೋಟಿಯಷ್ಟು ಹಣ ಹಾಕಿದರು. ಸತೀಶ್ ನೀನಾಸಂ ಮತ್ತು ಶ್ರುತಿ ಹರಿಹರನ್ ನಟಿಸಿದ ಆ ಚಿತ್ರ 2013ರಲ್ಲಿ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಪ್ರಶಸ್ತಿ ಪಡೆಯಿತು, ಸೆಪ್ಟೆಂಬರ್‌ನಲ್ಲಿ ಇಲ್ಲಿ ತೆರೆಕಂಡಿತು. ದೊಡ್ಡ ನಿರ್ಮಾಪಕರಿಲ್ಲದೆ ಅಪರಿಚಿತರ ದುಡ್ಡಿನಿಂದಲೂ ಕೆಲಸ ಆಗುತ್ತದೆ ಎಂದು ತೋರಿಸಿದ ಸಿನಿಮಾ ಅದು. ಆದ್ದರಿಂದ ‘ಕ್ರೌಡ್‌ಫಂಡಿಂಗ್ ಅಂದ್ರೇನೇ ಮೋಸ’ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ನಮ್ಮ ಬೀದಿಯಲ್ಲಿ ಚೀಟಿ ಹಾಕದ ಮನೆಯೇ ಇಲ್ಲ. ಅಮ್ಮ 20 ತಿಂಗಳ ಚೀಟಿಯಲ್ಲಿದ್ದಾರೆ. ಅದೂ ಹತ್ತಾರು ಜನರ ದುಡ್ಡು ಸೇರಿಸುವುದೇ. ಆದರೆ ಚೀಟಿ ನಡೆಸುವ ಆಂಟಿ ಎಲ್ಲಿದ್ದಾರೆಂದು ಅಮ್ಮನಿಗೆ ಗೊತ್ತು. ಒಂದು ತಿಂಗಳು ತಡವಾದರೆ ಹೋಗಿ ಅವರ ಮನೆ ಜಗಲಿಯಲ್ಲಿ ಕೂರುತ್ತಾರೆ. ನಾವು ಯಾರ ಜಗಲಿಯಲ್ಲಿ ಕೂರುವುದು? ಇಲ್ಲಿನ ಅಂಗಡಿಯವನು ಮೋಸ ಮಾಡಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಸಮುದ್ರದಾಚೆಯ ಕಂಪನಿಗೆ, ಅದೂ ‘ಇದು ಖರೀದಿಯಲ್ಲ’ ಎಂಬ ಷರತ್ತಿಗೆ ಟಿಕ್ ಹಾಕಿ ಕೊಟ್ಟ ಹಣದ ಬಗ್ಗೆ ಮೂರನೇ ವರ್ಷದ ವಿದ್ಯಾರ್ಥಿ ಎಷ್ಟು ದೂರ ಓಡಾಡುತ್ತಾನೆ? ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ತಕರಾರು ಹಾಕೋಣವೆಂದರೆ ಅದಕ್ಕೂ ಕಾಲಮಿತಿ ಇರುತ್ತದೆ. ‘ಇನ್ನೆರಡು ತಿಂಗಳು’ ಎಂದು ಕಾಯಿಸುತ್ತಾ ಹೋದರೆ ಆ ಗಡುವು ಸದ್ದಿಲ್ಲದೆ ಮುಗಿದು ಹೋಗುತ್ತದೆ. ನಮ್ಮದು ಹಾಗೇ ಮುಗಿಯಿತು.

ಅಪ್ಪ ಹೇಳಿದ ಲೆಕ್ಕ

ಎರಡನೇ ಸಲ ತಾರೀಖು ಮುಂದೆ ಹೋದಾಗ ಅಪ್ಪನ ಹತ್ತಿರ ಹೇಳಿಕೊಂಡೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಪೂರ್ತಿ ದುಡ್ಡು ಮೊದಲೇ ಕೊಟ್ಬಿಟ್ರಾ?”

ಹೌದು ಅಂದೆ. ಅಪ್ಪ ನಕ್ಕರು.

ಪೀಣ್ಯದಲ್ಲಿ ಪ್ಲಾಸ್ಟಿಕ್ ಡಬ್ಬಿಗೆ ಒಂದು ಮೋಲ್ಡ್ ಮಾಡಿಸಬೇಕಾದರೆ ಯಾರೂ ಪೂರ್ತಿ ಹಣ ಮೊದಲೇ ಕೊಡುವುದಿಲ್ಲವಂತೆ. ಪಿಒ ಜೊತೆಗೆ ಅಡ್ವಾನ್ಸ್. ಮೊದಲ ಟ್ರಯಲ್ ತೆಗೆದು ಸ್ಯಾಂಪಲ್ ತೋರಿಸಿದ ಮೇಲೆ ಇನ್ನೊಂದು ಕಂತು. ಸ್ಯಾಂಪಲ್ ಪಾಸಾಗಿ ಮೋಲ್ಡ್ ಸಾಗಿಸಿದ ಮೇಲೆ ಬಾಕಿ. ಮೊದಲ ಟ್ರಯಲ್‌ನಲ್ಲೇ ಪೀಸ್ ಸರಿ ಬಂದದ್ದು ತಮ್ಮ ಸರ್ವೀಸಿನಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಎಂದರು ಅಪ್ಪ. “ನಂಗೆ ಒಂಬತ್ತೂವರೆ ಬೆರಳು ಸಾಕು ಅದಕ್ಕೆ” ಎಂದು ಎಡಗೈ ತೋರಿಸಿದರು.

“ಲೇಟ್ ಆಗೋದು ತಪ್ಪಲ್ಲ ಕಣೋ. ಡೈ ಅಂದ್ಮೇಲೆ ಲೇಟ್ ಆಗುತ್ತೆ. ಪಾರ್ಟಿ ಫೋನ್ ಮಾಡಿದ್ರೆ ಬನ್ನಿ ಸಾರ್ ನೋಡಿ ಅಂತೀವಿ. ಬಂದು ನೋಡ್ತಾರೆ, ಅರ್ಧ ಆಗಿರೋ ಡೈ ಬೆಂಚ್ ಮೇಲಿರುತ್ತೆ. ಬೈತಾರೆ, ಟೀ ಕುಡೀತಾರೆ, ಹೋಗ್ತಾರೆ. ಡೈ ಇನ್ನೂ ಶುರುನೇ ಮಾಡ್ದೆ ನಾಳೆ ಕೊಡ್ತೀವಿ ಅಂದವ್ರ ಹತ್ರ ಯಾರೂ ಎರಡನೇ ಸಲ ಹೋಗಲ್ಲ.”

ನಮ್ಮ ಹೆಡ್‌ಸೆಟ್ ಕಂಪನಿಯ ಅಪ್‌ಡೇಟ್‌ಗಳನ್ನು ಅಂದು ರಾತ್ರಿ ಮತ್ತೆ ಓದಿದೆ. ಹೊಸ ಬಣ್ಣದ ಪಟ್ಟಿ, ಹೊಸ ಆಡಿಯೊ, ಯಾವುದೋ ಮೇಳದಲ್ಲಿ ತೆಗೆದ ನಗುಮುಖದ ಫೋಟೊ. ಅರ್ಧ ಆದ ಡೈ ಎಲ್ಲೂ ಕಾಣಲಿಲ್ಲ. ಯಾವುದು ಕೆಟ್ಟಿದೆ, ಯಾಕೆ ಕೆಟ್ಟಿದೆ, ಯಾರು ಸರಿಮಾಡುತ್ತಿದ್ದಾರೆ ಎಂಬ ಒಂದು ಸಾಲೂ ಇರಲಿಲ್ಲ. ನನ್ನ ನಿಜವಾದ ದೂರು ಇದು.

ಹಾಗಾಗಿ ಕ್ರೌಡ್‌ಫಂಡಿಂಗ್ ನಡೆಸುವ ಎಲ್ಲ ವೇದಿಕೆಗಳೂ ಪೀಣ್ಯದ ಪದ್ಧತಿಯನ್ನೇ ತರಬೇಕು ಎಂದು ನನ್ನ ವಾದ. ಸಂಗ್ರಹವಾದ ಹಣವನ್ನು ವೇದಿಕೆ ತನ್ನ ಬಳಿ ಇಟ್ಟುಕೊಳ್ಳಲಿ. ಮಾದರಿ ತೋರಿಸಿದ ಮೇಲೆ ಒಂದು ಕಂತು, ಬೆಂಬಲಿಗರಲ್ಲೇ ಹತ್ತು ಜನ ಹಾಕಿ ನೋಡಿ ವರದಿ ಕೊಟ್ಟ ಮೇಲೆ ಇನ್ನೊಂದು ಕಂತು, ಸಾಗಣೆ ಶುರುವಾದ ಮೇಲೆ ಕೊನೆಯದು. ಸಣ್ಣ ಕಂಪನಿಗಳಿಗೆ ಇದರಿಂದ ಕಷ್ಟ, ಮೊದಲೇ ಬಿಡಿಭಾಗ ಕೊಳ್ಳಬೇಕಲ್ಲ ಎನ್ನುವ ಆಕ್ಷೇಪ ಇದೆ. ಸರಿಯಾದ ಆಕ್ಷೇಪವೇ. ಅದಕ್ಕೇ ಅಡ್ವಾನ್ಸ್ ಇರಲಿ ಎನ್ನುತ್ತಿದ್ದೇನೆ. ಪೂರ್ತಿ ಹಣ ಒಂದೇ ದಿನ ಕೈಗೆ ಬಂದವರಿಗೆ ನಮ್ಮ ಫೋನ್ ಎತ್ತುವ ಅವಸರ ಇರುವುದಿಲ್ಲ.

ನಾನು ಮಾಡಿದ್ದೂ ಅದೇ

ಇಲ್ಲಿಯವರೆಗೆ ಬರೆದದ್ದು ಸುಲಭ. ಇನ್ನೊಂದು ವಿಷಯ ಹೇಳದಿದ್ದರೆ ಈ ಲೇಖನ ಕಳುಹಿಸುವ ಅರ್ಹತೆ ನನಗಿಲ್ಲ.

ನಮ್ಮ ನಾಲ್ವರಲ್ಲಿ ಒಬ್ಬ ಸಿಂಧನೂರಿನವನು. ಹಾಸ್ಟೆಲ್‌ನಲ್ಲಿದ್ದಾನೆ. ಅವನು ಕೊಟ್ಟ 9,500 ರೂಪಾಯಿ ಸ್ಕಾಲರ್‌ಶಿಪ್ ಹಣ. ಅವನನ್ನು ಒಪ್ಪಿಸಿದವನು ನಾನೇ. ಅಪ್‌ಡೇಟ್‌ಗಳೆಲ್ಲ ಬರುತ್ತಿದ್ದುದು ನನ್ನ ಮೇಲ್‌ಗೆ. ಡಿಸೆಂಬರ್‌ನಲ್ಲಿ ಬಂದ ಮೇಲ್‌ನ ಕೊನೆಯಲ್ಲಿ ಒಂದು ಸಾಲಿತ್ತು: ಹಣ ವಾಪಸ್ ಬೇಕಾದವರು 15 ದಿನದೊಳಗೆ ತಿಳಿಸಿ.

ನಾನು ಅದನ್ನು ಗ್ರೂಪಿಗೆ ಹಾಕಲಿಲ್ಲ. ಪರೀಕ್ಷೆ ಹತ್ತಿರವಿದೆ, ಯಾಕೆ ತಲೆನೋವು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಹಾಕಿದ್ದರೆ ಅವನು ವಾಪಸ್ ಕೇಳುತ್ತಿದ್ದ. ನಾಲ್ವರದೂ ಒಂದೇ ಆರ್ಡರ್. ಒಬ್ಬ ಹಿಂದೆ ಸರಿದರೆ ಪೂರ್ತಿ ಆರ್ಡರ್ ಬೀಳುತ್ತಿತ್ತು, ನನ್ನ ಪ್ರಾಜೆಕ್ಟ್ ಕನಸೂ ಬೀಳುತ್ತಿತ್ತು. ಅವನು ವಾರಕ್ಕೊಮ್ಮೆ “ಏನಲೇ, ಬಂತೇನು ನಮ್ಮ ಡಬ್ಬಿ?” ಎಂದು ಕೇಳುತ್ತಿದ್ದ. “ಬರ್ತಿದೆ ಮಗಾ, ಮಾರ್ಚ್‌ಗೆ ಪಕ್ಕಾ” ಎನ್ನುತ್ತಿದ್ದೆ.

ಫೆಬ್ರುವರಿಯಲ್ಲಿ ಲ್ಯಾಬಿನಲ್ಲಿ ನನ್ನ ಲ್ಯಾಪ್‌ಟಾಪ್ ತೆರೆದಿದ್ದಾಗ ಅವನ ಕಣ್ಣಿಗೆ ಆ ಮೇಲ್ ಬಿತ್ತು. ಜಗಳ ಮಾಡಲಿಲ್ಲ. “ಹಾಸ್ಟೆಲ್ ಫೀ ಕಟ್ಟಾಕ ಆ ತಿಂಗಳ ನಾ ಸಾಲ ಮಾಡೀನಿ, ಗೊತ್ತೈತೇನು ನಿನಗ?” ಎಂದಷ್ಟೇ ಹೇಳಿ ಹೋದ.

ಕಂಪನಿ ನನಗೆ ಏನು ಮಾಡಿತು ಎಂದು ಹದಿನಾರು ತಿಂಗಳಿಂದ ದೂರುತ್ತಿದ್ದೇನೋ ಅದನ್ನೇ ನಾನು ಒಂದೇ ಬೆಂಚಿನಲ್ಲಿ ಕೂರುವ ಗೆಳೆಯನಿಗೆ ಮಾಡಿದ್ದೆ. ಕೆಟ್ಟ ಸುದ್ದಿ ಮುಚ್ಚಿಟ್ಟೆ, ಹೊಸ ತಾರೀಖು ಕೊಟ್ಟೆ. ಆ ಕಂಪನಿಯ ಇಂಜಿನಿಯರುಗಳೂ ರಾಕ್ಷಸರೇನಲ್ಲ, ಬಹುಶಃ ಅವರೂ ‘ಮುಂದಿನ ಟ್ರಯಲ್‌ನಲ್ಲಿ ಸರಿಹೋಗುತ್ತೆ, ಈಗ ಹೇಳಿ ಗಾಬರಿ ಮಾಡೋದ್ಯಾಕೆ’ ಎಂದೇ ಅಂದುಕೊಂಡಿರಬೇಕು ಎಂದು ಆಗ ಹೊಳೆಯಿತು. ಅವರ ತಪ್ಪು ಇದರಿಂದ ಕಡಿಮೆಯಾಗುವುದಿಲ್ಲ. ನನ್ನದೂ ಕಡಿಮೆಯಾಗುವುದಿಲ್ಲ.

ಕಾಲೇಜಿನಲ್ಲಿ ನಮಗೆ ಇದನ್ನು ಯಾರೂ ಕಲಿಸುವುದಿಲ್ಲ. ಸಿನಾಪ್ಸಿಸ್ ಬರೆಯುವಾಗ ಎಐ, ಐಒಟಿ, ಕ್ಲೌಡ್ ಎಲ್ಲ ತುಂಬುತ್ತೇವೆ. ಮೊದಲ ರಿವ್ಯೂನಲ್ಲಿ ‘ಶೇ 60 ಮುಗಿದಿದೆ ಸರ್’, ಎರಡನೇ ರಿವ್ಯೂನಲ್ಲಿ ‘ಶೇ 90 ಮುಗಿದಿದೆ ಸರ್’. ಕೊನೆಗೆ ರೆಡಿಮೇಡ್ ಪ್ರಾಜೆಕ್ಟ್ ಕೊಡುವ ಅಂಗಡಿಗೆ ಹೋಗುವವರೂ ಇದ್ದಾರೆ, ನಿಮಗೂ ಗೊತ್ತು. ‘ಸರ್, ಸೆನ್ಸರ್ ಕೆಲಸ ಮಾಡ್ತಿಲ್ಲ, ಯಾಕೆ ಅಂತ ಇನ್ನೂ ಗೊತ್ತಾಗಿಲ್ಲ’ ಎಂದವನಿಗೆ ಅಂಕ ಕಡಿಮೆ. ಹೀಗೆ ನಾಲ್ಕು ವರ್ಷ ಪಳಗಿ ಹೊರಬರುವ ನಾವೇ ನಾಳೆ ಯಾವುದೋ ಕಂಪನಿಯಲ್ಲಿ ಕೂತು ಡೆಲಿವರಿ ತಾರೀಖು ಬರೆಯುವವರು.

ದುಡ್ಡು ಕಟ್ಟಬೇಕೆಂದಿರುವ ಗೆಳೆಯರಿಗೆ ನನ್ನ ಅನುಭವದಿಂದ ನಾಲ್ಕು ಮಾತು. ಕೆಲಸ ಮಾಡುತ್ತಿರುವ ಮಾದರಿಯ ವಿಡಿಯೊ ನೋಡಿ, ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರಕ್ಕೆ ಮರುಳಾಗಬೇಡಿ. ಆ ತಂಡ ಹಿಂದೆ ಯಾವ ವಸ್ತುವನ್ನಾದರೂ ಮಾಡಿ ಕಳುಹಿಸಿದೆಯೇ ನೋಡಿ. ಹೇಳಿದ ತಿಂಗಳಿಗೆ ಇನ್ನೂ ಒಂದು ವರ್ಷ ಸೇರಿಸಿ, ಕಸ್ಟಮ್ಸ್ ಸುಂಕವನ್ನೂ ಸೇರಿಸಿ, ಆಮೇಲೂ ಬೇಕೆನಿಸಿದರೆ ಕಟ್ಟಿ. ಫೀ ಹಣ, ಸ್ಕಾಲರ್‌ಶಿಪ್ ಹಣ ಮುಟ್ಟಬೇಡಿ. ಗೆಳೆಯರ ಜೊತೆ ಸೇರಿ ಕಟ್ಟಿದರೆ ಮೇಲ್ ಪಾಸ್‌ವರ್ಡ್ ಎಲ್ಲರ ಬಳಿಯೂ ಇರಲಿ.

ಸಂಜೆ ಇಬ್ಬರು ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅದರಿಂದ ತಿಂಗಳಿಗೆ 1,500 ರೂಪಾಯಿಯಂತೆ ಸಿಂಧನೂರಿನ ಗೆಳೆಯನಿಗೆ ವಾಪಸ್ ಕೊಡುತ್ತಿದ್ದೇನೆ. ಮೂರು ಕಂತು ಮುಗಿದಿದೆ, ಇನ್ನು 5,000 ಬಾಕಿ. ಅವನು ಈಗ ಮಾತಾಡುತ್ತಾನೆ, ಆದರೆ ಡಬ್ಬಿಯ ವಿಷಯ ಕೇಳುವುದಿಲ್ಲ.

ಪ್ರಾಜೆಕ್ಟ್ ಕೈಬಿಟ್ಟಿಲ್ಲ. ಸೀನಿಯರ್ ಒಬ್ಬರಿಂದ ಎರವಲು ತಂದ ಸಾಮಾನ್ಯ ಹೆಡ್‌ಸೆಟ್‌ನಲ್ಲೇ ಪ್ರೆಸ್ಸಿನ ಮಾದರಿ ಮಾಡುತ್ತಿದ್ದೇವೆ. ಕಳೆದ ಭಾನುವಾರ ಅಪ್ಪನಿಗೆ ಹಾಕಿ ತೋರಿಸಿದೆ. ಹಾಕಿಕೊಂಡವರೇ ತಲೆ ಎಡಕ್ಕೂ ಬಲಕ್ಕೂ ತಿರುಗಿಸಿ, “ಪಕ್ಕದಲ್ಲಿ ಏನೂ ಕಾಣಲ್ವಲ್ಲೋ” ಎಂದರು.

ಹೌದಪ್ಪ, ಕಾಣಲ್ಲ, ಇದರಲ್ಲಿ ಅದು ಆಗಲ್ಲ ಎಂದೆ. ಸಿನಾಪ್ಸಿಸ್‌ನಲ್ಲೂ ಹಾಗೆಯೇ ಬರೆದಿದ್ದೇವೆ: ‘ಈ ಪ್ರಾಜೆಕ್ಟ್‌ನಲ್ಲಿ ಕಣ್ಣಂಚಿನ ಅಪಾಯಗಳನ್ನು ತೋರಿಸಲು ಸಾಧ್ಯವಾಗಿಲ್ಲ.’ ಗೈಡ್ ಮೇಡಂ ಓದಿ, ಈ ಸಾಲು ತೆಗೆದುಬಿಡಿ, ಅಂಕ ಹೋಗುತ್ತೆ ಎಂದರು. ನಾವು ನಾಲ್ವರೂ ಮಾತಾಡಿಕೊಂಡೆವು. ಆ ಸಾಲು ಹಾಗೇ ಇದೆ.